ವಾತಾಪಿಯ ಗುಪ್ತ ಸೋಪಾನ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಉತ್ತರದ ಬೆಟ್ಟಕ್ಕೆ ಕಣ್ಣೆತ್ತಿದವನಿಗೆ ಕಾಣುವುದು ಕೆಂಗಲ್ಲಿನ ಒಂದೇ ಗೋಡೆ. ಮೇಲಿನ ಶಿವಾಲಯದ ಶಿಖರವೇನೋ ಕಾಣುವುದು. ಅಲ್ಲಿಗೆ ಏರುವ ದಾರಿ ಮಾತ್ರ ಕಾಣದು. ಕಡಗಂಚಿ, ಆಳಂದಗಳ ಎರೆಯ ಬಯಲಿನಲ್ಲಿ, ಬರುವವನನ್ನು ಹರದಾರಿ ದೂರದಿಂದಲೇ ಗುರುತಿಸಬಲ್ಲ ಕಣ್ಣಿಗೆ ಈ ಮರೆಯು ಸೋಜಿಗವೆನಿಸದೆ ಇರದು.

ದಾರಿಯಿರುವುದು ಬಂಡೆಯ ಮೇಲಲ್ಲ, ಬಂಡೆಯ ಒಳಗೆ. ಮರಳುಗಲ್ಲಿನ ಈ ಬೆಟ್ಟವು ನೆಟ್ಟಗೆ ಸೀಳಿಕೊಂಡಿದೆ. ಆ ಬಿರುಕುಗಳಲ್ಲಿ ಮಳೆಯ ನೀರು ಯುಗಯುಗಗಳಿಂದ ಹರಿದು, ಅವನ್ನು ಓಣಿಗಳಷ್ಟು ಅಗಲ ಮಾಡಿದೆ. ಕೋಟೆ ಕಟ್ಟಿದವರಿಗೆ ಎರಡು ಕಡೆಯ ಗೋಡೆಗಳೂ ಹೀಗೆ ಪುಕ್ಕಟೆಯಾಗಿ ದೊರೆತುವು; ಮೆಟ್ಟಿಲು ಕಡಿದು ಬಾಗಿಲಿಟ್ಟರೆ ಸಾಕಾಯಿತು. ಏರುವವನ ತಲೆಯ ಮೇಲೆ ಆಕಾಶವು ಒಂದು ಪಟ್ಟಿಯಷ್ಟೇ ಉಳಿಯುವುದು. ದಾರಿ ಅಲ್ಲಲ್ಲಿ ತಿರುಗುವುದರಿಂದ ಮುಂದೇನಿದೆಯೆಂಬುದು ತಿಳಿಯದು. ಮೇಲಿನಿಂದ ಕಲ್ಲುರುಳಿಸುವ ನಾಲ್ಕು ಜನರು ಕೆಳಗಿನ ನಾನೂರು ಜನರನ್ನು ತಡೆಯಬಲ್ಲರು. ಇಂದು ನೋಡುವ ಕಟ್ಟಡವೆಲ್ಲ ಒಂದೇ ಕಾಲದ್ದಲ್ಲ. ಬುರುಜುಗಳಲ್ಲಿ ಬಹಳಷ್ಟು ಚಾಲುಕ್ಯರ ತರುವಾಯದವು.

ಈ ಬೆಟ್ಟದ ಬಂಡೆಯಲ್ಲಿ ಶಕವರ್ಷ 465ರ, ಎಂದರೆ ಕ್ರಿ. ಶ. 543ರ ಶಾಸನವೊಂದಿದೆ. ಅದು ಬೆಳಕಿಗೆ ಬಂದುದು 1941ರಲ್ಲಿ. ವಲ್ಲಭೇಶ್ವರನೆಂಬ ಚಾಲುಕ್ಯ ಅರಸನು, ಅಂದರೆ ಮೊದಲನೆಯ ಪುಲಕೇಶಿಯು, ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ಅಭೇದ್ಯವಾದ ದುರ್ಗವನ್ನಾಗಿ ಮಾಡಿದನೆಂದು ಅದು ಸಾರುವುದು.

ಅದಾಗಿ 99 ವರ್ಷಗಳಲ್ಲಿ, ಕ್ರಿ. ಶ. 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಅಭೇದ್ಯವಾದುದು ಭೇದಿಸಲ್ಪಟ್ಟುದು ಹೇಗೆ? ಗುಪ್ತಮಾರ್ಗವನ್ನು ಯಾರೋ ತೋರಿಸಿಕೊಟ್ಟರೆಂದು ಊಹಿಸುವುದು ಕಥೆಗಾರರಿಗೆ ಪ್ರಿಯವಾದೀತು. ಅದರ ಅಗತ್ಯವೇ ಇಲ್ಲ. ಇಮ್ಮಡಿ ಪುಲಕೇಶಿಯ ಸೈನ್ಯವು ಪರಿಯಲ, ಮಣಿಮಂಗಲ, ಶೂರಮಾರಗಳಲ್ಲಿ ಸೋತುದಾಗಿ ಪಲ್ಲವರ ಕೂರಮ್ ತಾಮ್ರಶಾಸನವು ಹೇಳುವುದು. ಸೋಪಾನವನ್ನು ಕಾಯಬೇಕಾದ ಬಲವು ತಮಿಳುನಾಡಿನಲ್ಲಿಯೇ ಕುಗ್ಗಿಹೋಗಿದ್ದಿತು. ಮೇಲಾಗಿ ರಾಜಧಾನಿಯೆಂಬುದು ಬೆಟ್ಟದ ನೆತ್ತಿಯಲ್ಲ. ಪೇಟೆ, ಕೆರೆ, ಭಂಡಾರಗಳಿದ್ದುದು ಬುಡದಲ್ಲಿ. ಬುಡವು ಕೈಬಿಟ್ಟ ಮೇಲೆ ಮೆಟ್ಟಿಲುಗಳು ಉಳಿಸುವುದಾದರೂ ಏನನ್ನು? ಪಲ್ಲವನು ತನ್ನ ಆಳ್ವಿಕೆಯ 13ನೆಯ ವರ್ಷದ ಶಾಸನವನ್ನು ಊರಿನ ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯಲ್ಲಿಯೇ ಕೆತ್ತಿಸಿದನು. ಒಂದನೆಯ ವಿಕ್ರಮಾದಿತ್ಯನು 655ರ ಸುಮಾರಿಗೆ ರಾಜ್ಯವನ್ನು ಮರಳಿ ಗಳಿಸಿದನು.

ತರುವಾಯವೂ ಕೋಟೆ ಕೈಯಿಂದ ಕೈಗೆ ಹೋಯಿತು. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನಿಂದ ಅದನ್ನು ಕಸಿದರು. 1818ರಲ್ಲಿ ಅದು ಮನ್ರೋನ ವಶವಾಯಿತು.

ದಕ್ಷಿಣದ ಬೆಟ್ಟದಲ್ಲಿಯೂ ಇಂಥದೇ ಒಂದು ಸೋಪಾನವಿದೆ. ಗುಹಾಲಯಗಳನ್ನು ನೋಡಲು ಹೋಗುವ ಸಾವಿರಾರು ಜನರು ಅದರ ಮಗ್ಗುಲಲ್ಲಿಯೇ ನಡೆದುಹೋಗುವರು. ಕಡಿದಾದ ಆ ಮೆಟ್ಟಿಲುಗಳಿಗೆ ಈಗ ಕದವಿಟ್ಟು ಬೀಗ ಹಾಕಲಾಗಿದೆ.