‘ಅತ್ತರು’ ಶಬ್ದದ ಮೂಲ

ಮದುವೆ, ಉತ್ಸವಗಳ ಸಂದರ್ಭದಲ್ಲಿ ಅತಿಥಿಗಳನ್ನು ಅತ್ತರು ಪನ್ನೀರುಗಳಿಂದ ಉಪಚರಿಸುವುದು ಕನ್ನಡನಾಡಿನ ಹಳೆಯ ಮರ್ಯಾದೆ. ಸದಾ ಜೊತೆಯಾಗಿ ಬರುವ ಈ ಎರಡು ಶಬ್ದಗಳ ಕುಲ ಮಾತ್ರ ಬೇರೆ ಬೇರೆ. ಪನ್ನೀರಿನಲ್ಲಿರುವುದು ದ್ರಾವಿಡದ ‘ನೀರು’. ಈ ಶಬ್ದ ತಮಿಳಿನಲ್ಲಿಯೂ ಉಂಟು. ಅತ್ತರು ಅರಬ್ಬೀ ಮೂಲದ್ದು.

ಅರಬ್ಬೀಯಲ್ಲಿ ‘ಇತ್ರ್’ ಎಂದರೆ ಸುಗಂಧ. ಗಂಟಲಿನ ಆಳದಿಂದ ಹೊರಡುವ ಅದರ ಮೊದಲ ವ್ಯಂಜನ ಪಾರಸೀ ಉಚ್ಚಾರಣೆಯಲ್ಲಿಯೇ ಮಸುಕಾಯಿತು. ಹಿಂದುಸ್ತಾನಿಯಲ್ಲಿ ಇತ್ರ್, ಅತ್ರ್, ಅತ್ತರ್ ಎಂಬ ರೂಪಗಳು ಬಳಕೆಗೆ ಬಂದವು. ಕನ್ನಡದ ನಾಲಗೆಗೆ ಕೊನೆಯ ಒತ್ತಕ್ಷರ ಒಗ್ಗದು. ‘ಅಸ್ಲ್’ ಅಸಲು ಆದಂತೆ, ‘ನಕ್ಲ್’ ನಕಲು ಆದಂತೆ, ಇದೂ ನಡುವೆ ಒಂದು ಸ್ವರವನ್ನೂ ಕೊನೆಗೊಂದು ಉಕಾರವನ್ನೂ ಪಡೆದು ಅತ್ತರು ಆಯಿತು.

ಶಬ್ದವು ಹೊರಗಿನದಾದುದರಿಂದ ಗಂಧದ್ರವ್ಯಗಳ ವಿದ್ಯೆಯೂ ಹೊರಗಿನದೆಂದು ಭಾವಿಸುವುದು ಸರಿಯಲ್ಲ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ‘ಗಂಧಯುಕ್ತಿ’ ಎಂಬ ಅಧ್ಯಾಯವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ವಿಲೇಪನ, ಧೂಪಗಳನ್ನು ರಾಜಭೋಗಗಳಲ್ಲಿ ಎಣಿಸುತ್ತದೆ. ಅಷ್ಟವಿಧಾರ್ಚನೆಯಲ್ಲಿ ಗಂಧಕ್ಕೆ ಸ್ಥಾನವಿರುವುದು ಸರ್ವವಿದಿತ. ಅತ್ತರು ಎಷ್ಟೇ ಬಳಕೆಗೆ ಬಂದರೂ ಅರ್ಚನೆಯ ಮಾತಿನಲ್ಲಿ ಗಂಧವೇ ಉಳಿಯಿತು. ಹೊಸ ಶಬ್ದಕ್ಕೆ ದೊರೆತ ನೆಲೆ ಆಸ್ಥಾನ ಮತ್ತು ಅತಿಥಿಸತ್ಕಾರ. ಇದಕ್ಕೆ ದೂರದ ದಿಲ್ಲಿಯನ್ನೇ ನೋಡಬೇಕಾಗಿಲ್ಲ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಕಾಲದಲ್ಲಿ ‘ಇತ್ರ್-ಎ-ನವರಸ್‌ಶಾಹಿ’ ಎಂಬ ಗಂಧಶಾಸ್ತ್ರದ ಪಾರಸೀ ಗ್ರಂಥ ರಚಿತವಾಯಿತು.

ಇನ್ನೂ ಕುತೂಹಲಕರವಾದುದು ಈ ಕಸುಬಿನವರ ಹೆಸರು. ಅರಬ್ಬೀಯ ‘ಅತ್ತಾರ್’ ಸುಗಂಧವನ್ನು ಮಾರುವವನೂ ಹೌದು, ಮೂಲಿಕೆಗಳನ್ನು ಮಾರುವವನೂ ಹೌದು. ನಿಶಾಪುರದ ಸೂಫಿ ಕವಿ ಫರೀದುದ್ದೀನನ ಕಾವ್ಯನಾಮ ‘ಅತ್ತಾರ್’ ಈ ವೃತ್ತಿಯಿಂದಲೇ ಬಂದದ್ದು. ಸಂಸ್ಕೃತದ ‘ಗಾಂಧಿಕ’ನೂ ಇದೇ ದಾರಿ ಹಿಡಿದವನು. ಆತ ಕನ್ನಡದಲ್ಲಿ ಗಂಧಿಗನಾದ. ಅರಿಸಿನ, ಕುಂಕುಮ, ಸಾಂಬ್ರಾಣಿಗಳೊಡನೆ ಔಷಧದ ಬೇರುನಾರುಗಳನ್ನೂ ಮಾರುವ ಗಂಧಿಗೆ ಅಂಗಡಿ ಅವನದೇ. ಈಗ ಹಲವೆಡೆ ಫಲಕಗಳಲ್ಲಿ ಅದು ‘ಗ್ರಂಧಿಗೆ’, ‘ಗ್ರಂಥಿಗೆ’ ಎಂದು ರೂಪ ಕೆಟ್ಟಿದೆ. ಗ್ರಂಥಕ್ಕೂ ಆ ಅಂಗಡಿಗೂ ಸಂಬಂಧವಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪರಸ್ಪರ ಸಂಬಂಧವೇ ಇಲ್ಲದ ಎರಡು ಭಾಷಾಕುಲಗಳಲ್ಲಿ ಒಂದೇ ಬಗೆಯ ಅರ್ಥವಿಸ್ತಾರ ಉಂಟಾದುದು ಸಾಲದ ಫಲವಲ್ಲ. ಪರಿಮಳದ ವಸ್ತುವೂ ಮದ್ದಿನ ವಸ್ತುವೂ ಒಂದೇ ಮಳಿಗೆಯಲ್ಲಿ ದೊರೆಯುತ್ತಿದ್ದುದರ ಫಲ.

ಉತ್ತರ ಭಾರತದ ಕನೌಜು ಅತ್ತರಿಗೆ ಹೆಸರಾದ ಊರು. ಅಲ್ಲಿನ ಸಾಂಪ್ರದಾಯಿಕ ಕ್ರಮದಲ್ಲಿ ಹೂಗಳನ್ನು ತಾಮ್ರದ ಪಾತ್ರೆಯಲ್ಲಿ ನೀರಿನೊಡನೆ ಕಾಯಿಸಿ, ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಮತ್ತೊಂದು ಪಾತ್ರೆಗೆ ಹಾಯಿಸುತ್ತಾರೆ. ಶ್ರೀಗಂಧ ದುಬಾರಿಯಾದ ಮೇಲೆ ಬೇರೆ ದ್ರವಗಳನ್ನು ಬಳಸುವುದುಂಟು. ಆದರೆ ಹಬೆಯ ಪರಿಮಳವನ್ನು ಹಿಡಿದಿಡಲು ಆ ಎರಡನೆಯ ಪಾತ್ರೆಯಲ್ಲಿ ಹಿಂದಿನಿಂದಲೂ ಇರಿಸುತ್ತಿದ್ದುದು ಶ್ರೀಗಂಧದ ಎಣ್ಣೆಯನ್ನೇ.