ಚರ್ಮದ ಮುಪ್ಪು

ವಯಸ್ಸಾದಂತೆ ಚರ್ಮ ತೆಳುವಾಗಿ, ಬಿಗಿ ಕಳೆದುಕೊಂಡು, ಸುಕ್ಕುಗಟ್ಟಿ, ಕಲೆ ಬೀಳುವ ಕ್ರಿಯೆ. ಇದರಲ್ಲಿ ಎರಡು ಬಗೆ. ಒಂದು ವಂಶವಾಹಿ ಮತ್ತು ವಯಸ್ಸಿನಿಂದ ಬರುವ ಒಳಗಿನ ಮುಪ್ಪು. ಇನ್ನೊಂದು ಬಿಸಿಲು, ಹೊಗೆ, ಊಟ, ದುಡಿಮೆಗಳಿಂದ ಬರುವ ಹೊರಗಿನ ಮುಪ್ಪು. ಎರಡನ್ನೂ ಒಬ್ಬರ ಮೈಮೇಲೇ ಗುರುತಿಸಬಹುದು. ಹೈದರಾಬಾದಿನ ಕೋಠಿಯಲ್ಲಿ ಹಳೆಯ ಪಠ್ಯಪುಸ್ತಕ ಹರವಿಕೊಂಡು ದಿನವಿಡೀ ಬೀದಿಬದಿಯಲ್ಲಿ ಕೂರುವ ಹಿರಿಯ ವ್ಯಾಪಾರಿಯ ಕತ್ತಿನ ಹಿಂಭಾಗದಲ್ಲಿ ಆಳವಾದ ಗೆರೆಗಳು ಒಂದನ್ನೊಂದು ಹಾಯ್ದು ಚೌಕಳಿ ಕಟ್ಟಿರುತ್ತವೆ. ಅಂಗಿಯ ಮರೆಯಲ್ಲಿರುವ ತೋಳಿನ ಒಳಮಗ್ಗುಲು ಮಾತ್ರ ನುಣುಪಾಗಿಯೇ ಇರುತ್ತದೆ. ಎರಡೂ ಕಡೆ ವಯಸ್ಸು ಒಂದೇ, ವಂಶವಾಹಿಯೂ ಒಂದೇ.

ರಚನೆ

ಚರ್ಮದ ಬಿಗಿ ಇರುವುದು ಒಳಪದರದಲ್ಲಿ. ಅದರ ಒಣತೂಕದ ಸುಮಾರು ಮುಕ್ಕಾಲು ಪಾಲು ಕೊಲಾಜೆನ್ ನಾರು. ಎಳೆದು ಬಿಟ್ಟ ಚರ್ಮವನ್ನು ಮತ್ತೆ ಮೊದಲಿನಂತೆ ಕೂರಿಸುವುದು ಎಲಾಸ್ಟಿನ್. ಹರೆಯ ದಾಟಿದ ಮೇಲೆ ಕೊಲಾಜೆನ್ ವರ್ಷಕ್ಕೆ ಹೆಚ್ಚುಕಡಿಮೆ ಶೇ. 1ರಂತೆ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಈ ಇಳಿಕೆ ಬಹಳ ಚುರುಕು, ಶೇ. 30ರಷ್ಟು ಕೊಲಾಜೆನ್ ಆಗಲೇ ಹೋಗುತ್ತದೆಂಬ ಅಂದಾಜಿದೆ.

ವಂಶವಾಹಿಯ ಪಾಲು

ಅವಳಿಗಳ ಮೇಲಿನ ಡೆನ್ಮಾರ್ಕಿನ ಅಧ್ಯಯನಗಳ ಪ್ರಕಾರ ಸುಕ್ಕಿನ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಅರ್ಧದಷ್ಟಕ್ಕೆ, ಅಥವಾ ಅದಕ್ಕೆ ತುಸು ಹೆಚ್ಚಿಗೆ, ವಂಶವಾಹಿ ಕಾರಣ. ಇದು ಜನಸಮುದಾಯದ ಲೆಕ್ಕ. ಒಬ್ಬ ವ್ಯಕ್ತಿಯ ಸುಕ್ಕುಗಳಲ್ಲಿ ಅರ್ಧ ಅಪ್ಪ ಅಮ್ಮನದು, ಉಳಿದರ್ಧ ಬಿಸಿಲಿನದು ಎಂದು ಇದನ್ನು ಓದಬಾರದು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ಎಂಸಿ1ಆರ್ ಎಂಬ ವಂಶವಾಹಿಯತ್ತ ಬೊಟ್ಟು ಮಾಡಿತು: ಅದರ ಕೆಲವು ರೂಪಗಳನ್ನು ಎರಡೂ ಕಡೆಯಿಂದ ಪಡೆದವರು ಸರಾಸರಿ ಎರಡು ವರ್ಷ ಹೆಚ್ಚು ವಯಸ್ಸಾದವರಂತೆ ಕಾಣುತ್ತಿದ್ದರು. ಅಲ್ಲಿ ನೋಡಿದ್ದು ಯುರೋಪಿಯನ್ ಮುಖಗಳನ್ನು. ನಮ್ಮವರಿಗೆ ಇದು ಹಾಗೆಯೇ ಅನ್ವಯಿಸುತ್ತದೆಂದು ಹೇಳಲಾಗದು.

ಇಲ್ಲಿಗೆ ಹೆಚ್ಚು ಹೊಂದುವ ಕೆಲಸ ನಡೆದದ್ದು ಹೈದರಾಬಾದಿನ ಹಬ್ಸಿಗುಡದ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿಯಲ್ಲಿ. ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಮೈಬಣ್ಣ ತಿಳಿಯಾಗುತ್ತದೆ. ಇದು ಮೊದಲು ಗೊತ್ತಾದದ್ದು 2005ರಲ್ಲಿ, ಅಮೆರಿಕದ ಪ್ರಯೋಗಾಲಯವೊಂದರ ಜೀಬ್ರಾ ಮೀನಿನಿಂದ. ಸಿಸಿಎಂಬಿಯ ಕುಮಾರಸಾಮಿ ತಂಗರಾಜ್ ಮತ್ತು ಹೊರದೇಶದ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಭಾರತೀಯರಲ್ಲೂ ಯುರೋಪಿಯನ್ನರಲ್ಲೂ ಇರುವ ಈ ಬದಲಾವಣೆಯ ಮೂಲ ಒಂದೇ. ಭಾರತದೊಳಗೆ ಅದರ ಹಂಚಿಕೆ ಮಾತ್ರ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಅಕ್ಕಪಕ್ಕದ ಮನೆಯವರ ಚರ್ಮ ಒಂದೇ ಬಿಸಿಲಿಗೆ ಬೇರೆಬೇರೆಯಾಗಿ ಮುಪ್ಪಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ. ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಮೇಲೆ ಬಂಗು ಮಾತ್ರ ಬೇಗ.

ಪ್ರೊಜೀರಿಯ ಎಂಬ ಅತಿವಿರಳ ಕಾಯಿಲೆಯಲ್ಲಿ ಮಕ್ಕಳೇ ಮುದುಕರಂತಾಗುತ್ತಾರೆ. ಕೋಶಕೇಂದ್ರದ ಗೋಡೆಗೆ ಆಸರೆಯಾದ ಲ್ಯಾಮಿನ್ ಪ್ರೊಟೀನಿನ ದೋಷವೇ ಇದಕ್ಕೆ ಕಾರಣವೆಂದು 2003ರಲ್ಲಿ ತಿಳಿಯಿತು. ಲ್ಯಾಮಿನ್‌ಗಳ ಮೇಲೆ ಸಿಸಿಎಂಬಿಯಲ್ಲಿ ವೀಣಾ ಪರ್ನಾಯಿಕ್ ಬಹುಕಾಲ ಸಂಶೋಧನೆ ನಡೆಸಿದ್ದಾರೆ.

ಬಿಸಿಲು

ಹೊರಗಿನ ಕಾರಣಗಳಲ್ಲಿ ಬಿಸಿಲಿನದೇ ಸಿಂಹಪಾಲು. ಅತಿನೇರಳೆ ಕಿರಣ ತಾಗಿದ ಕೋಶಗಳು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಹೊಸ ಕೊಲಾಜೆನ್ ತಯಾರಿಯೂ ತಗ್ಗುತ್ತದೆ. ಕಿರಣಗಳಲ್ಲಿ ಯುವಿಬಿ ಮೇಲ್ಪದರವನ್ನು ಸುಡುತ್ತದೆ. ಯುವಿಎ ಒಳಪದರದವರೆಗೆ ಇಳಿಯುತ್ತದೆ, ಸಾಮಾನ್ಯ ಗಾಜನ್ನೂ ದಾಟುತ್ತದೆ. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ ಚಾಲಕನೊಬ್ಬನ ಚಿತ್ರ 2012ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಗಿ ಪ್ರಸಿದ್ಧವಾಯಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ದಪ್ಪಗಾಗಿ ಜೋತುಬಿದ್ದಿತ್ತು, ಬಲಗೆನ್ನೆ ಅಷ್ಟು ಕೆಟ್ಟಿರಲಿಲ್ಲ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಕೋಠಿ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನ ಚಾಲಕರು ನೋಡಿಕೊಳ್ಳಬೇಕಾದದ್ದು ಬಲಗೆನ್ನೆಯನ್ನು.

ಊಟ: ಹೈದರಾಬಾದಿನ ಪೆಲ್ಲಾಗ್ರ

ಊಟಕ್ಕೂ ಚರ್ಮಕ್ಕೂ ನಂಟಿದೆ ಎಂದು ಜಾಹೀರಾತುಗಳು ಹೇಳುವ ಬಹಳಷ್ಟಕ್ಕೆ ಪುರಾವೆ ತೆಳು. ಗಟ್ಟಿ ಪುರಾವೆ ಇರುವ ಪ್ರಸಂಗಗಳಲ್ಲಿ ಒಂದು ಇದೇ ಊರಿನದು, ಅದೂ ಜೋಳ ಉಣ್ಣುವ ದಖ್ಖನಿನ ಬಡವರದು.

ಪೆಲ್ಲಾಗ್ರ ಸುಕ್ಕಿನ ಕಾಯಿಲೆಯಲ್ಲ, ನಿಯಾಸಿನ್ ಎಂಬ ಜೀವಸತ್ವದ ಕೊರತೆಯ ರೋಗ. ಆದರೆ ಬಿಸಿಲು ಮತ್ತು ಊಟ ಒಟ್ಟಾಗಿ ಚರ್ಮವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಮುಂಗೈ, ಪಾದದ ಮೇಲ್ಭಾಗ, ಕುತ್ತಿಗೆ, ಹೀಗೆ ಬಿಸಿಲು ಬೀಳುವ ಜಾಗಗಳಲ್ಲೇ ಚರ್ಮ ಮೊದಲು ಕೆಂಪಾಗುತ್ತದೆ. ಆಮೇಲೆ ಕಪ್ಪಾಗಿ, ಒರಟಾಗಿ, ಬಿರುಕುಬಿಟ್ಟು, ಹಾವಿನ ಪೊರೆಯಂತೆ ಸುಲಿಯುತ್ತದೆ. ಎಡಗೈ ಬಲಗೈ ಎರಡರಲ್ಲೂ ಒಂದೇ ಆಕಾರ; ಬಟ್ಟೆಯ ಅಂಚು ಬಂದಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಕತ್ತಿನ ಸುತ್ತ ಕಾಣುವ ಪಟ್ಟಿಗೆ 18ನೇ ಶತಮಾನದ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್‌ನ ಹೆಸರು ಉಳಿದಿದೆ.

ಬೇರೆ ದೇಶಗಳಲ್ಲಿ ಇದು ಮೆಕ್ಕೆಜೋಳ ತಿನ್ನುವವರ ರೋಗ. ಮೆಕ್ಕೆಜೋಳದ ನಿಯಾಸಿನ್ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ, ನಿಯಾಸಿನ್ ಆಗಿ ಮಾರ್ಪಡಬಲ್ಲ ಟ್ರಿಪ್ಟೊಫೇನ್ ಕೂಡ ಅದರಲ್ಲಿ ಕಡಿಮೆ. ಜೋಳದ ಕಥೆ ಹಾಗಲ್ಲ, ಅದರ ಟ್ರಿಪ್ಟೊಫೇನ್ ಅಷ್ಟೊಂದು ಕಡಿಮೆಯಿಲ್ಲ. ಹಾಗಿದ್ದೂ ಹೈದರಾಬಾದಿನ ಆಸ್ಪತ್ರೆಗಳಿಗೆ ಜೋಳವನ್ನೇ ನಂಬಿದವರು ಪೆಲ್ಲಾಗ್ರ ಹೊತ್ತು ಬರುತ್ತಿದ್ದರು. ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಇಂದು ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಸ ವಾದ ಮುಂದಿಟ್ಟರು: ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ವಿಪರೀತವಿದೆ, ಟ್ರಿಪ್ಟೊಫೇನ್ ಮತ್ತು ನಿಯಾಸಿನ್ ಸರಿಯಾಗಿ ಬಳಕೆಯಾಗದಂತೆ ಅಡ್ಡಬರುವುದು ಅದೇ. ಜೋಳದ ಆಹಾರವನ್ನೇ ತಿಂದ ನಾಯಿಗಳಿಗೆ ಪೆಲ್ಲಾಗ್ರದ ಸೋದರ ರೋಗವಾದ ಕರಿನಾಲಿಗೆ ಬಂದದ್ದನ್ನು ಭವಾನಿ ಬೆಳವಾಡಿ ಮತ್ತು ಗೋಪಾಲನ್ 1965ರಲ್ಲಿ ವರದಿ ಮಾಡಿದರು. ಬೇರೆ ಕಡೆಯ ಕೆಲವು ಪ್ರಯೋಗಗಳಲ್ಲಿ ಇದೇ ಫಲ ಸಿಗದ ಕಾರಣ ಲ್ಯೂಸಿನ್ ವಾದ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಹಾಗೆಂದು ಜೋಳದ ರೊಟ್ಟಿಯ ಮೇಲೆ ಅಪವಾದ ಹೊರಿಸುವಂತಿಲ್ಲ. ಕಲಬುರಗಿ, ಬೀದರ್, ರಾಯಚೂರಿನಿಂದ ಬಂದು ಕೋಠಿ, ಕಾಚಿಗೂಡದ ಸುತ್ತ ನೆಲೆಸಿದ ಕನ್ನಡ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇರುತ್ತವೆ. ರೋಗ ಹಿಡಿದದ್ದು ಒಣರೊಟ್ಟಿಗೆ ಖಾರದ ಹೊರತು ಬೇರೇನೂ ಇಲ್ಲದವರನ್ನು. 1983ರ ನಂತರ ಆಂಧ್ರದಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಸಿಕ್ಕಿ ಜೋಳದ ಮೇಲಿನ ಅವಲಂಬನೆ ತಗ್ಗಿದ್ದೂ ರೋಗ ಹಿಂದೆ ಸರಿಯಲು ನೆರವಾಗಿರಬಹುದು.

ಮುಪ್ಪಿಗೆ ಇದರ ಸಂಬಂಧ ಇಷ್ಟು: ಬಿಸಿಲಿನಿಂದ ಮುರಿದ ಡಿಎನ್‌ಎಯನ್ನು ರಿಪೇರಿ ಮಾಡಲು ಕೋಶಕ್ಕೆ ಬೇಕಾದ ಎನ್‌ಎಡಿ ತಯಾರಾಗುವುದು ನಿಯಾಸಿನ್‌ನಿಂದ. ಆಸ್ಟ್ರೇಲಿಯಾದಲ್ಲಿ ಮೊದಲೇ ಚರ್ಮದ ಕ್ಯಾನ್ಸರ್ ಆಗಿದ್ದವರಿಗೆ ನಿಯಾಸಿನ್‌ನ ಇನ್ನೊಂದು ರೂಪವಾದ ನಿಕೋಟಿನಮೈಡನ್ನು ದಿನಕ್ಕೆರಡು ಸಲ 500 ಮಿಲಿಗ್ರಾಂ ಕೊಟ್ಟಾಗ ಹೊಸ ಗಡ್ಡೆಗಳು ಶೇ. 23ರಷ್ಟು ಕಡಿಮೆಯಾದವು ಎಂಬ ವರದಿ 2015ರಲ್ಲಿ ಬಂತು. ಸುಕ್ಕಿಗೆ ಈ ಮಾತ್ರೆ ನುಂಗಬೇಕೆಂದು ಅದರಿಂದ ಹೇಳಲಾಗದು.

ಉಳಿದ ಕಾರಣಗಳು

ಬೀಡಿ ಸಿಗರೇಟು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸಿ ತುಟಿಯ ಸುತ್ತ ಗೆರೆ ತರುತ್ತವೆ. ಹತೋಟಿ ತಪ್ಪಿದ ಮಧುಮೇಹದಲ್ಲಿ ಸಕ್ಕರೆ ಕೊಲಾಜೆನ್‌ಗೆ ಅಂಟಿ ಅದನ್ನು ಪೆಡಸಾಗಿಸುತ್ತದೆ. ವಾಹನದ ಮಸಿಗೂ ಮುಖದ ಕಲೆಗಳಿಗೂ ಸಂಬಂಧವಿದೆಯೆಂದು ಜರ್ಮನಿಯ ಮಹಿಳೆಯರ ಅಧ್ಯಯನವೊಂದು 2010ರಲ್ಲಿ ತೋರಿಸಿತು. ನಿದ್ದೆ, ಚಿಂತೆಗಳ ಬಗೆಗಿನ ಪುರಾವೆ ಇದಕ್ಕಿಂತ ಸಡಿಲ.

ಆರೈಕೆ

ಆಸ್ಟ್ರೇಲಿಯಾದ ನ್ಯಾಂಬೂರಿನಲ್ಲಿ 55 ತುಂಬದ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತು (2013). ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವ, ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಮೇಲು. ಗರ್ಭಿಣಿಯರು ದೂರವಿಡಬೇಕಾದ ಟ್ರೆಟಿನೊಯಿನ್ ಮುಲಾಮು ಸಣ್ಣ ಸುಕ್ಕನ್ನು ತಗ್ಗಿಸುತ್ತದೆ. ಅದಕ್ಕೆ ತಿಂಗಳುಗಳ ತಾಳ್ಮೆ ಬೇಕು.

ತಾಳ್ಮೆಯಿಲ್ಲದವರು ಮೊರೆಹೋಗುವುದು ಬೆಳ್ಳಗಾಗಿಸುವ ಸ್ಟೀರಾಯ್ಡ್ ಮಿಶ್ರಣಗಳಿಗೆ. ವಾರದೊಳಗೆ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ನಿಲ್ಲಿಸಿದ ಕೂಡಲೇ ಉರಿ. ಚರ್ಮವೈದ್ಯರ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ.