ಕಟ್ಟಡದ ನಕ್ಷೆ: ಗೆರೆಯಿಂದ ನೆರಳಿನವರೆಗೆ

ಕಟ್ಟಡದ ಚಿತ್ರ ಬರೆಯಲು ಹುಟ್ಟಿನಿಂದಲೇ ಕೈಯಲ್ಲಿ ಕಲೆ ಇರಬೇಕು ಎಂದುಕೊಂಡು ಹಿಂದೆ ಸರಿಯುವವರು ಬಹಳ. ಆದರೆ ಟೇಪು ಹಿಡಿದು ಅಳೆಯಲು ಬರುವ ಯಾರಿಗಾದರೂ ಈ ವಿದ್ಯೆಯ ಮುಕ್ಕಾಲು ಪಾಲು ದಕ್ಕುತ್ತದೆ. ನಕ್ಷೆಯನ್ನು ನೋಡಿ ಮೇಸ್ತ್ರಿ ಗೋಡೆ ಎಬ್ಬಿಸಬೇಕು, ಬಡಗಿ ಚೌಕಟ್ಟು ಕೂಡಿಸಬೇಕು. ಚೆಂದ ಆಮೇಲಿನ ಮಾತು. ಮಧ್ಯಪ್ರದೇಶದ ಭೋಜಪುರದಲ್ಲಿ 11ನೇ ಶತಮಾನದ ಅಪೂರ್ಣ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ತಳವಿನ್ಯಾಸ, ಕಂಬ, ಶಿಖರಗಳ ಗೆರೆಚಿತ್ರ ಕೊರೆದಿರುವುದು ಇಂದಿಗೂ ಕಾಣುತ್ತದೆ. ಅವೂ ಕೆಲಸಕ್ಕೆಂದೇ ಬರೆದವು.

ಮೂರು ನೋಟಗಳು

ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕತ್ತರಿಸಿ, ಮೇಲಿನ ಭಾಗ ಎತ್ತಿಟ್ಟು ಕೆಳಗೆ ನೋಡಿದರೆ ಕಾಣುವುದು ಪ್ಲಾನ್. ಆ ಎತ್ತರಕ್ಕೆ ಬಾಗಿಲು, ಕಿಟಕಿ ಎರಡೂ ಸಿಗುತ್ತವೆ ಎಂಬುದೇ ಈ ಲೆಕ್ಕಕ್ಕೆ ಕಾರಣ. ಇನ್ನೂ ಮೇಲಿರುವ ವೆಂಟಿಲೇಟರನ್ನು ತುಂಡು ಗೆರೆಯಲ್ಲಿ ತೋರಿಸುತ್ತಾರೆ. ಗೋಡೆಯ ಹೊರಮುಖವನ್ನು ನೇರವಾಗಿ, ದೂರ ಹತ್ತಿರದ ವ್ಯತ್ಯಾಸವಿಲ್ಲದೆ ಬರೆದರೆ ಎಲಿವೇಶನ್.

ಮೂರನೆಯದಾದ ಸೆಕ್ಷನ್ ಅನ್ನು ಹೊಸಬರು ಕಡೆಗಣಿಸುತ್ತಾರೆ. ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ. ಇದು ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದ ನೋಟ. ಮೆಟ್ಟಿಲನ್ನೇ ತೆಗೆದುಕೊಳ್ಳಿ. ನೆಲದಿಂದ ಮೇಲಿನ ಮಹಡಿಯ ನೆಲಕ್ಕೆ 10 ಅಡಿ, ಅಂದರೆ 120 ಇಂಚು. ಅದನ್ನು 18 ಏರುಗಳಾಗಿ ಹಂಚಿದರೆ ಒಂದೊಂದೂ 6.67 ಇಂಚು. ಒಂಬತ್ತು ಏರಿದ ಮೇಲೆ ತಿರುಗುವ ಮೆಟ್ಟಿಲಾದರೆ ಪ್ರತಿ ಸಾಲಿನಲ್ಲಿ 10 ಇಂಚಿನ ಎಂಟು ತುಳಿಗಳು, 6 ಅಡಿ 8 ಇಂಚು. ಅದಕ್ಕೆ 3 ಅಡಿಯ ಲ್ಯಾಂಡಿಂಗ್ ಸೇರಿಸಿದರೆ ಉದ್ದ 9 ಅಡಿ 8 ಇಂಚಾಗುತ್ತದೆ. ಪ್ಲಾನ್‌ನ ಮೂಲೆಯಲ್ಲಿ 6 ಅಡಿಯ ಚೌಕ ಬಿಟ್ಟು ‘ಮೆಟ್ಟಿಲು’ ಎಂದು ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಇಡುವ ಆಸೆಯೂ ಹಾಗೆಯೇ: ಪ್ಲಾನ್ ಅದನ್ನು ಆಕ್ಷೇಪಿಸುವುದಿಲ್ಲ, ಸೆಕ್ಷನ್ ಬರೆದಾಗ ಲ್ಯಾಂಡಿಂಗ್ ಬರೀ 5 ಅಡಿ ಎತ್ತರದಲ್ಲಿದೆ, ಕಾಂಕ್ರೀಟಿನ ದಪ್ಪ ಕಳೆದರೆ ಅಷ್ಟೂ ಉಳಿಯುವುದಿಲ್ಲ ಎಂದು ಗೊತ್ತಾಗುತ್ತದೆ. ಒಂದೋ ಕೆಳಗಿನ ನೆಲ ತಗ್ಗಿಸಬೇಕು, ಇಲ್ಲವೇ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು.

ಸ್ಕೇಲಿನ ಲೆಕ್ಕ

ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲಿರುವ 30×40 ಸೈಟು ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಮೀಟರಿನಲ್ಲಿ ಅದು ಸುಮಾರು 9.14×12.19. ಸ್ಕೇಲ್ 1:100 ಆದರೆ ಕಾಗದದ ಮೇಲೆ 91×122 ಮಿ.ಮೀ., 1:50 ಆದರೆ 183×244 ಮಿ.ಮೀ. ಎ4 ಹಾಳೆಯ ಅಳತೆ 210×297 ಮಿ.ಮೀ.; ಸೈಟೇನೋ ಹಿಡಿಸುತ್ತದೆ, ಸುತ್ತ ಅಳತೆ ಬರೆಯಲು ಜಾಗ ಸಾಲದು. ಆದ್ದರಿಂದ 1:50ಕ್ಕೆ ಎ3 ಹಾಳೆಯೇ ಸರಿ. ಈ ಸ್ಕೇಲಿನಲ್ಲಿ 9 ಇಂಚಿನ ಗೋಡೆ 4.6 ಮಿ.ಮೀ. ದಪ್ಪ ಬರುತ್ತದೆ, 3 ಅಡಿಯ ಬಾಗಿಲು 18 ಮಿ.ಮೀ. ಗೋಡೆಯನ್ನು ಒಂಟಿ ಗೆರೆಯಲ್ಲಿ ಬರೆಯುವ ಅಭ್ಯಾಸ ಬೇಡ. ಕೋಣೆಗಳ ಅಳತೆಯನ್ನಷ್ಟೇ ಕೂಡಿಸಿ ಗೋಡೆಯ ದಪ್ಪ ಮರೆತರೆ ಸೈಟಿನ ಅಗಲದಲ್ಲಿ ಎರಡು ಮೂರು ಅಡಿ ತಪ್ಪುವುದು ಸಾಮಾನ್ಯ.

ಸಲಕರಣೆ ಮತ್ತು ಗೆರೆಯ ದಪ್ಪ

ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಎರಡು ಸೆಟ್ ಸ್ಕ್ವೇರ್, ಸ್ಕೇಲ್, ಟೇಪು, ಒಂದು ಸುರುಳಿ ಬಟರ್ ಪೇಪರ್. ಇಷ್ಟು ಸಾಕು. ಮೊದಲ ಗುರುತುಗಳಿಗೆ 2ಎಚ್ ಪೆನ್ಸಿಲ್, ಅಂತಿಮ ಗೆರೆಗೆ ಎಚ್‌ಬಿ, ಗಾಢ ಗೆರೆಗೆ 2ಬಿ.

ನಕ್ಷೆಗೆ ಜೀವ ಬರುವುದು ಗೆರೆಗಳ ದಪ್ಪದ ವ್ಯತ್ಯಾಸದಿಂದ. ಕತ್ತರಿಸಿದ ಗೋಡೆಗೆ 0.5 ಮಿ.ಮೀ. ಪೆನ್ನು, ಆಚೆ ಕಾಣುವ ಕಟ್ಟೆ, ಮೆಟ್ಟಿಲುಗಳಿಗೆ 0.3, ಅಳತೆ ಗೆರೆ ಮತ್ತು ನೆಲದ ಟೈಲ್ಸಿಗೆ 0.1. ಎಲ್ಲವನ್ನೂ ಒಂದೇ ಪೆನ್ನಿನಲ್ಲಿ ಎಳೆದ ನಕ್ಷೆಯಲ್ಲಿ ಗೋಡೆ ಯಾವುದು, ಸೋಫಾ ಯಾವುದು ಎಂದು ಹುಡುಕಬೇಕಾಗುತ್ತದೆ. ಗೆರೆ ಎಳೆಯುವಾಗ ಪೆನ್ಸಿಲನ್ನು ಬೆರಳಲ್ಲಿ ನಿಧಾನವಾಗಿ ತಿರುಗಿಸುತ್ತಿದ್ದರೆ ಮೊನೆ ಒಂದೇ ಕಡೆ ಸವೆಯುವುದಿಲ್ಲ. ಮೂಲೆಯಲ್ಲಿ ಗೆರೆಗಳು ಒಂದನ್ನೊಂದು ಕೂದಲೆಳೆಯಷ್ಟು ದಾಟಿದರೂ ಚಿಂತೆಯಿಲ್ಲ, ಸೇರದೆ ನಿಲ್ಲಬಾರದು.

ಪರ್ಸ್‌ಪೆಕ್ಟಿವ್

ದೂರ ಹೋದಂತೆ ವಸ್ತು ಕಿರಿದಾಗುವುದನ್ನು ಲೆಕ್ಕಕ್ಕೆ ತಂದವನು 15ನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಬ್ರುನೆಲ್ಲೆಸ್ಕಿ. ಅದರ ವಿಧಾನವನ್ನು 1435ರಲ್ಲಿ ಬರಹಕ್ಕಿಳಿಸಿದವನು ಆಲ್ಬರ್ಟಿ. ಕಲಿಯುವವರಿಗೆ ಒಂದು ಉಪಾಯ ಬಹಳ ಕಾಲ ಸಾಕಾಗುತ್ತದೆ. ಕ್ಷಿತಿಜದ ಗೆರೆ ನೋಡುವವರ ಕಣ್ಣಿನ ಮಟ್ಟ. ಸಮತಟ್ಟಾದ ನೆಲದಲ್ಲಿ ನಿಂತ, ಅದೇ ಎತ್ತರದ ಜನರ ಕಣ್ಣೆಲ್ಲ ಅದೇ ಗೆರೆಯ ಮೇಲಿರುತ್ತದೆ, ಅವರು ಹತ್ತಿರವಿರಲಿ, ದೂರವಿರಲಿ.

ನೆರಳೇ ರೆಂಡರಿಂಗ್

ರೆಂಡರಿಂಗ್ ಎಂದರೆ ಬಣ್ಣ ತುಂಬುವುದು ಎಂದು ತಿಳಿದವರೇ ಹೆಚ್ಚು. ಬಣ್ಣ ಮುಟ್ಟುವ ಮೊದಲು ನೆರಳು ಕಲಿಯಬೇಕು. ಪ್ಯಾರಿಸಿನ ಎಕೋಲ್ ದೆ ಬೋಜಾರ್ ಶಾಲೆಯ ಪರಂಪರೆಯಲ್ಲಿ ಬೆಳಕು ಎಡ ಮೇಲ್ಗಡೆಯಿಂದ 45 ಡಿಗ್ರಿಯಲ್ಲಿ ಬೀಳುವಂತೆ ಬರೆಯುವ ರೂಢಿಯಿತ್ತು. ಅದರ ಜಾಣತನ ಇಷ್ಟು: ಕಿಟಕಿಯ ಮೇಲಿನ ಸಜ್ಜಾ 2 ಅಡಿ ಮುಂದೆ ಬಂದಿದ್ದರೆ ಗೋಡೆಯ ಮೇಲೆ ನೆರಳೂ 2 ಅಡಿ ಇಳಿಯುತ್ತದೆ. ಚಪ್ಪಟೆ ಎಲಿವೇಶನ್‌ನಲ್ಲಿ ಕಾಣದ ಆಳವನ್ನು ನೆರಳೇ ಅಳೆದು ಹೇಳುತ್ತದೆ.

ನಿಜವಾದ ಸೂರ್ಯ ಈ ರೂಢಿ ಕೇಳುವುದಿಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣದ ಗೋಡೆಗೆ ಆ ಹೊತ್ತಿನಲ್ಲಿ ನೇರ ಬಿಸಿಲೇ ಇಲ್ಲ. ಡಿಸೆಂಬರಿನ ನಡುಮಧ್ಯಾಹ್ನದಲ್ಲಿ ಅದೇ 2 ಅಡಿಯ ಸಜ್ಜಾ ಆ ಗೋಡೆಯ ಮೇಲೆ ಸುಮಾರು 2 ಅಡಿ 8 ಇಂಚು ನೆರಳು ಚೆಲ್ಲುತ್ತದೆ.

ನೆರಳಿನ ಅಂಚು ಗುರುತಾದ ಮೇಲೆ ಒಂದೇ ದಿಕ್ಕಿನ ಒತ್ತು ಗೆರೆಗಳಿಂದ ತುಂಬುವುದು ಸುಲಭದ ದಾರಿ. ಜಲವರ್ಣವಾದರೆ ಹಾಳೆಯನ್ನು ತುಸು ಓರೆಯಾಗಿಟ್ಟು ತೆಳು ಪದರದ ಮೇಲೆ ಪದರ ಹಚ್ಚಬೇಕು, ಕೆಳಗಿನದು ಒಣಗಿದ ಮೇಲೆಯೇ ಮುಂದಿನದು.

ಕಂಪ್ಯೂಟರ್ ಯಾವಾಗ?

ಆಟೋಕ್ಯಾಡ್ 1982ರಲ್ಲಿ, ಸ್ಕೆಚ್‌ಅಪ್ 2000ದಲ್ಲಿ ಬಂದವು. ಇಂದು ಇಂಥ ಸಾಫ್ಟ್‌ವೇರ್ ಇಲ್ಲದೆ ಕಚೇರಿ ನಡೆಸುವುದು ಕಷ್ಟ. ಆದರೂ ತಾವಿರುವ ಕೋಣೆಯನ್ನು ಅಳೆದು, ಮೂರೂ ನೋಟಗಳನ್ನು ಕೈಯಲ್ಲಿ ಬರೆದ ಮೇಲೆ ಸಾಫ್ಟ್‌ವೇರ್ ಹಿಡಿಯುವುದೇ ಮೇಲು. ತೆರೆಯ ಮೇಲೆ ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದಾದ್ದರಿಂದ ಅಳತೆಯ ಅಂದಾಜು ಬೆಳೆಯುವುದೇ ಇಲ್ಲ. ಹೊಳೆಯುವ ತ್ರೀಡಿ ಚಿತ್ರಗಳಲ್ಲಿ ಪಕ್ಕದ ಮನೆ, ಕರೆಂಟ್ ಕಂಬಗಳು ಮಾಯವಾಗಿರುವುದನ್ನೂ ಗಮನಿಸಿ.

ಇಷ್ಟು ಕಲಿತವರು ತಮ್ಮ ಮನೆಯ ನಕ್ಷೆಯನ್ನು ತಾವೇ ಓದಬಲ್ಲರು, ತಿದ್ದುಪಡಿ ಸೂಚಿಸಬಲ್ಲರು. ಆರ್ಕಿಟೆಕ್ಟ್ ಎಂಬ ಬಿರುದನ್ನು ಮಾತ್ರ 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರೇ ಬಳಸಬಹುದು.